ಯಾವ ಬಳಗಕ್ಕೆ ಸೇರಬೇಕು? ಮಹಿಳಾ ಉದ್ಯಮಿಗಳಿಗೆ ಒಂದು ಹೋಲಿಕೆ

ಮನೆಯಿಂದಲೇ ಸೀರೆ ಮಾರುವವರು, ಊರಿನ ಅಂಗಡಿಗಳ ಇನ್‌ಸ್ಟಾಗ್ರಾಂ ಖಾತೆ ನೋಡಿಕೊಳ್ಳುವವರು, ಆ್ಯಪ್ ಕಟ್ಟಲು ಹೊರಟವರು, ಮಗುವಿಗಾಗಿ ಬಿಟ್ಟ ಸಾಫ್ಟ್‌ವೇರ್ ಕೆಲಸಕ್ಕೆ ಮರಳಬೇಕೆಂದಿರುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ವಾಟ್ಸ್‌ಆ್ಯಪ್ ಗುಂಪುಗಳಷ್ಟೇ ಸಾಲುತ್ತವೆಯೇ, ವೃತ್ತಿ ಪರಿಚಯಗಳ ತಾಣವಾದ ಲಿಂಕ್ಡ್‌ಇನ್ ನಮ್ಮಂಥವರಿಗೂ ಉಪಯೋಗಕ್ಕೆ ಬರುತ್ತದೆಯೇ, ಸಂಘಕ್ಕೆ ಸಾವಿರಾರು ರೂಪಾಯಿ ಶುಲ್ಕ ಕಟ್ಟಿದರೆ ಅದು ಗಿಟ್ಟುತ್ತದೆಯೇ, ಹೊಸ ಉದ್ಯಮಗಳನ್ನು ಸಲಹೆ, ಸೌಲಭ್ಯ ಕೊಟ್ಟು ಬೆಳೆಸುವ ಇನ್‌ಕ್ಯುಬೇಟರ್ ಎಂದರೆ ದೊಡ್ಡ ಕಾಲೇಜಿನಲ್ಲಿ ಓದಿದವರಿಗೆ ಮಾತ್ರವೇ? ಉತ್ತರ ಹೊಳೆಯದೆ ಎಲ್ಲದಕ್ಕೂ ಸೇರಿಬಿಡುವವರೇ ಹೆಚ್ಚು. ಫೋನಿನಲ್ಲಿ ಹತ್ತಾರು ಗುಂಪುಗಳಿರುತ್ತವೆ, ಆದರೆ ಅವುಗಳಿಂದ ಬಂದ ಆರ್ಡರ್ ಎಷ್ಟು ಎಂದು ಕೇಳಿದರೆ ಲೆಕ್ಕ ಸಿಗುವುದಿಲ್ಲ.

ಕರ್ನಾಟಕದಲ್ಲಿ ಇಂದು ಕೈಗೆಟಕುವ ಮುಖ್ಯ ದಾರಿಗಳನ್ನು ಇಲ್ಲಿ ಒಂದೇ ಅಳತೆಗೋಲಿನಿಂದ ನೋಡಿದ್ದೇನೆ. ಸದಸ್ಯತ್ವದ ಶುಲ್ಕ, ಅರ್ಜಿಯ ದಿನಾಂಕಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆಯಾದ್ದರಿಂದ ಅವನ್ನು ಆಯಾ ಸಂಸ್ಥೆಯಲ್ಲೇ ಕೇಳಿ ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ಮೊದಲು ಅಳತೆಗೋಲು

ಮೊದಲ ಪ್ರಶ್ನೆ, ಮುಂದಿನ ಆರು ತಿಂಗಳಲ್ಲಿ ನಿಮಗೆ ಬೇಕಾದದ್ದು ಏನು ಎಂಬುದು. ಗಿರಾಕಿ, ಬಂಡವಾಳ, ತಿಳಿವಳಿಕೆ, ಕೆಲಸ, ಧೈರ್ಯ ಹೇಳುವ ಜೊತೆ, ಈ ಐದೂ ಬೇರೆ ಬೇರೆ ಅಗತ್ಯಗಳು. ಒಂದೇ ಬಳಗದಲ್ಲಿ ಐದೂ ಸಿಗುವುದು ಅಪರೂಪ. ಎರಡನೆಯದು, ಅಲ್ಲಿ ಕುಳಿತಿರುವವರು ಯಾರು. ಉಪ್ಪಿನಕಾಯಿ ಮಾಡುವವರ ಗುಂಪಿನಲ್ಲಿ ಜಾಡಿ ಎಲ್ಲಿ ಅಗ್ಗ, ಎಣ್ಣೆ ಎಲ್ಲಿ ಶುದ್ಧ ಎಂಬುದು ತಿಳಿಯುತ್ತದೆ, ಆದರೆ ಉಪ್ಪಿನಕಾಯಿ ಕೊಳ್ಳುವವರು ಅಲ್ಲಿರುವುದಿಲ್ಲ. ಮೂರನೆಯದು ಸಮಯ. ವಾರಕ್ಕೆ ಎಷ್ಟು ಗಂಟೆ ಎಂಬುದಕ್ಕಿಂತ ದಿನದ ಯಾವ ಗಂಟೆ ಎಂಬುದೇ ಹೆಂಗಸರಿಗೆ ನಿರ್ಣಾಯಕ. ನಾಲ್ಕನೆಯದು ವೆಚ್ಚ, ಅಂದರೆ ಶುಲ್ಕದ ಜೊತೆಗೆ ಆಟೋ, ಊಟ, ಆ ಹೊತ್ತಿನಲ್ಲಿ ನಿಂತುಹೋದ ಕೆಲಸ, ಎಲ್ಲ ಸೇರಿದ ವೆಚ್ಚ. ಐದನೆಯದು, ಅಲ್ಲಿ ಗಳಿಸಿದ ಪರಿಚಯ ಯಾರ ಕೈಯಲ್ಲಿ ಉಳಿಯುತ್ತದೆ, ನಿಮ್ಮಲ್ಲೋ, ಗುಂಪಿನ ಅಡ್ಮಿನ್ ಬಳಿಯೋ, ಯಾವುದೋ ದೂರದ ಕಂಪನಿಯ ಬಳಿಯೋ ಎಂಬುದು. ಸುರಕ್ಷತೆ ಮತ್ತು ಭಾಷೆ, ಅಂದರೆ ಕನ್ನಡದಲ್ಲಿ ಮಾತಾಡಿ ತಲೆಯೆತ್ತಿ ಕೂರಬಹುದೇ ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಿ.

ಎರಡನೆಯ ಅಂಶವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೆಚ್ಚಿನ ತಪ್ಪು ಆಯ್ಕೆಗಳು ಆಗುವುದು ಅಲ್ಲಿಯೇ. ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪರಿಚಯದವರ ಮೂಲಕ ಕೆಲಸ ಹಿಡಿದವರ ಪೈಕಿ ಆ ಸುಳಿವು ಕೊಟ್ಟವರನ್ನು ಆಗಾಗ ಕಾಣುತ್ತಿದ್ದವರು ನೂರಕ್ಕೆ ಸುಮಾರು 17 ಮಂದಿ ಮಾತ್ರ. ಉಳಿದವರಿಗೆಲ್ಲ ಸುಳಿವು ಬಂದದ್ದು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುವವರಿಂದ. ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರ ಮೇಲೆ ಐದು ವರ್ಷ ನಡೆದು 2022ರಲ್ಲಿ ಪ್ರಕಟವಾದ ಪ್ರಯೋಗವೂ ಬಹುಮಟ್ಟಿಗೆ ಇದನ್ನೇ ಹೇಳಿತು. ಕಾರಣ ಸರಳ: ಆಪ್ತ ಗೆಳತಿಗೆ ಗೊತ್ತಿರುವುದು ಬಹುತೇಕ ನಮಗೂ ಗೊತ್ತಿರುತ್ತದೆ. ಆದರೆ ಗ್ರಾನೊವೆಟರ್ ಮಾತನಾಡಿಸಿದವರು ಗಂಡಸರು, ಹಾಗಾಗಿ ಅದನ್ನು ಹಾಗೆಯೇ ನಮಗೆ ಅನ್ವಯಿಸಿಕೊಳ್ಳುವುದು ಪೂರ್ತಿ ಸರಿಯಲ್ಲ. 2019ರಲ್ಲಿ ಅಮೆರಿಕದ ವ್ಯವಹಾರ ಶಾಲೆಯೊಂದರ ಪದವೀಧರರ ಬಗ್ಗೆ ಬಂದ ಅಧ್ಯಯನ ಈ ಕೊರತೆಯನ್ನು ತುಂಬುತ್ತದೆ. ಅದರ ಪ್ರಕಾರ ದೊಡ್ಡ ಹುದ್ದೆಗೆ ಹೋದ ಹೆಣ್ಣುಮಕ್ಕಳಿಗೆ ಎರಡು ಸಂಗತಿಗಳಿದ್ದವು: ಎಲ್ಲ ಕಡೆ ಹಬ್ಬಿದ ಪರಿಚಯದ ಜೊತೆಗೆ, ಬಹುಪಾಲು ಹೆಂಗಸರೇ ಇದ್ದ ಒಂದು ಸಣ್ಣ ಒಳಬಳಗ. ಸಂದರ್ಶನದಲ್ಲಿ ಏನು ಕೇಳುತ್ತಾರೆ, ಯಾವ ಕಂಪನಿಯಲ್ಲಿ ಹೆಂಗಸರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಎಂಬಂಥ ಮಾತು ಆ ಒಳಬಳಗದಲ್ಲಿ ಮಾತ್ರ ಹರಿದಾಡುತ್ತದೆ.

ಆದ್ದರಿಂದ ನನ್ನ ಅಳತೆ ಹೀಗಿದೆ. ಮನಸ್ಸು ಬಿಚ್ಚಿ ಮಾತಾಡಲು ಮೂರೋ ನಾಲ್ಕೋ ಹೆಂಗಸರ ಒಂದು ಪುಟ್ಟ ಕೂಟ ಸಾಕು, ಅದಕ್ಕೆ ಶುಲ್ಕವೂ ಬೇಡ, ಹೆಸರೂ ಬೇಡ. ದುಡ್ಡು ಮತ್ತು ಸಮಯ ಖರ್ಚು ಮಾಡಬೇಕಾದದ್ದು ನಮ್ಮಂತಿಲ್ಲದವರು, ಅಂದರೆ ಕೊಳ್ಳುವವರು, ಸಾಲ ಕೊಡುವವರು, ಕೆಲಸ ಕೊಡುವವರು ಇರುವ ಕಡೆಗೆ. ಇನ್ನು ಒಂದೊಂದಾಗಿ ನೋಡೋಣ.

ವಾಟ್ಸ್‌ಆ್ಯಪ್ ಮತ್ತು ಫೇಸ್‌ಬುಕ್ ಗುಂಪುಗಳು

ಖರ್ಚಿಲ್ಲದೆ, ಕನ್ನಡದಲ್ಲೇ, ಅಡುಗೆಮನೆಯಿಂದಲೇ ಶುರುಮಾಡಬಹುದಾದ ದಾರಿ ಇದೊಂದೇ. ಬಡಾವಣೆಯ ನಿವಾಸಿಗಳ ಗುಂಪು, ಶಾಲೆಯ ಪೋಷಕರ ಗುಂಪು, ಅಪಾರ್ಟ್‌ಮೆಂಟಿನ ಗುಂಪುಗಳಲ್ಲಿ ಇರುವವರು ನಿಮ್ಮಂಥ ಮಾರುವವರಲ್ಲ, ಕೊಳ್ಳುವವರು. ಶೇಂಗಾ ಹೋಳಿಗೆ, ಚಟ್ನಿಪುಡಿ, ಸೀರೆಗೆ ಕುಚ್ಚು, ಟ್ಯೂಷನ್ ಇಂಥವಕ್ಕೆ ಮೊದಲ ಇಪ್ಪತ್ತು ಗಿರಾಕಿಗಳು ಸಿಗುವುದು ಇಲ್ಲಿಯೇ. ಇದಕ್ಕೆ ತದ್ವಿರುದ್ಧವಾದದ್ದು "ಮಹಿಳಾ ಉದ್ಯಮಿಗಳು" ಎಂಬ ಹೆಸರಿನ ಸಾವಿರ ಜನರ ಗುಂಪು. ವಾಟ್ಸ್‌ಆ್ಯಪ್ ಒಂದು ಗುಂಪಿಗೆ 1,024 ಸದಸ್ಯರಿಗೆ ಅವಕಾಶ ಕೊಡುತ್ತದೆ. ಅಷ್ಟೂ ಮಂದಿ ಬೆಳಿಗ್ಗೆ ತಮ್ಮ ತಮ್ಮ ಸರಕಿನ ಚಿತ್ರ ಹಾಕಿ ಹೊರಟುಹೋದರೆ ನೋಡುವವರು ಯಾರೂ ಉಳಿಯುವುದಿಲ್ಲ.

ಗುಂಪಿಗಿಂತ ನಿಮ್ಮದೇ ಪಟ್ಟಿ ಮೇಲು. ವಾಟ್ಸ್‌ಆ್ಯಪ್ ಬಿಸಿನೆಸ್ ಆ್ಯಪ್‌ನಲ್ಲಿ ಸರಕಿನ ಪಟ್ಟಿಯನ್ನು ಬೆಲೆಸಮೇತ ಜೋಡಿಸಿಡಬಹುದು. "ಹಣ ಬಂದಿದೆ", "ಕಳಿಸಬೇಕು" ಎಂಬ ಗುರುತು ಹಚ್ಚಬಹುದು. ಒಂದೇ ಸಲಕ್ಕೆ ಹಲವರಿಗೆ ಬಿಡಿಬಿಡಿಯಾಗಿ ಕಳಿಸುವ ಬ್ರಾಡ್‌ಕಾಸ್ಟ್ ಪಟ್ಟಿಯ ಸಂದೇಶ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಹಾಗಾಗಿ ಮೊದಲ ಡಬ್ಬಿಯ ಮೇಲೆ ಅಂಟಿಸುವ ಚೀಟಿಯಲ್ಲೇ "ಈ ನಂಬರ್ ಸೇವ್ ಮಾಡಿಕೊಳ್ಳಿ" ಎಂದು ಬರೆಯುವುದು ಯಾವ ಜಾಹೀರಾತಿಗಿಂತಲೂ ಹೆಚ್ಚು ಫಲ ಕೊಡುತ್ತದೆ.

ತೊಂದರೆಗಳೂ ಇವೆ. ವ್ಯಾಪಾರಕ್ಕೆ ಬೇರೆ ಸಿಮ್ ಇಟ್ಟುಕೊಳ್ಳದಿದ್ದರೆ ರಾತ್ರಿ ಹನ್ನೊಂದಕ್ಕೆ ಬರುವ "ಹಾಯ್ ಮೇಡಂ"ಗಳಿಂದ ಮನೆಯ ನಂಬರಿಗೆ ಬಿಡುಗಡೆ ಇರುವುದಿಲ್ಲ. ಸೇನೆಯ ಅಧಿಕಾರಿಯೆಂದು ಹೇಳಿಕೊಂಡು ದೊಡ್ಡ ಆರ್ಡರ್ ಕೊಟ್ಟು, "ಮುಂಗಡ ಕಳಿಸುತ್ತೇನೆ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ" ಎನ್ನುವ ವಂಚನೆ ಹಳೆಯದಾದರೂ ಇನ್ನೂ ನಿಂತಿಲ್ಲ. ಹಣ ಪಡೆಯಲು ಯುಪಿಐ ಪಿನ್ ಎಂದೂ ಬೇಕಾಗುವುದಿಲ್ಲ; ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಇನ್ನು ತಿಳಿವಳಿಕೆಯ ಮೂಲವಾಗಿ ಈ ಗುಂಪುಗಳು ತೀರಾ ದುರ್ಬಲ. 2025ರ ಜುಲೈನಲ್ಲಿ ಯುಪಿಐ ವಹಿವಾಟಿನ ಆಧಾರದ ಮೇಲೆ ಕರ್ನಾಟಕದ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಇಂಥ ಕಡೆಗಳಲ್ಲಿ ಹರಡಿದ್ದು ಹೆದರಿಕೆಯ ಫಾರ್ವರ್ಡ್‌ಗಳು. ಸರಕು ಮಾರುವವರಿಗೆ ಸಾಮಾನ್ಯವಾಗಿ ವರ್ಷಕ್ಕೆ 40 ಲಕ್ಷ ರೂಪಾಯಿ, ಸೇವೆ ಕೊಡುವವರಿಗೆ 20 ಲಕ್ಷ ರೂಪಾಯಿ ವಹಿವಾಟಿನವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ ಎಂಬ ಮೂಲ ಸಂಗತಿಯನ್ನು ಸಮಾಧಾನದಿಂದ ಹೇಳುವವರು ಬೇಕಿದ್ದರೆ ಸಂಘದತ್ತ ನೋಡಬೇಕು.

ಇನ್‌ಸ್ಟಾಗ್ರಾಂ ಮತ್ತು ಯೂಟ್ಯೂಬ್

ಕಣ್ಣಿಗೆ ಕಾಣುವ ಸರಕು ನಿಮ್ಮದಾದರೆ, ಅಂದರೆ ಇಳಕಲ್ ಸೀರೆ, ಟೆರಾಕೋಟಾ ಓಲೆ, ಕೇಕು, ಮೆಹಂದಿ, ಮನೆಯ ಒಳಾಂಗಣ ವಿನ್ಯಾಸ ಮುಂತಾದವಕ್ಕೆ, ಇನ್‌ಸ್ಟಾಗ್ರಾಂಗೆ ಸಮನಾದ ಅಂಗಡಿಮುಂಗಟ್ಟು ಇಲ್ಲ. ಊರಿನ ಹೊರಗಿನ ಗಿರಾಕಿ, ಹೊರರಾಜ್ಯ ಮತ್ತು ಹೊರದೇಶದ ಕನ್ನಡಿಗರು ಸಿಗುವುದು ಇಲ್ಲೇ. ಪಾಠ ಹೇಳುವಂಥ ವಿಷಯವಿದ್ದರೆ ಯೂಟ್ಯೂಬ್ ಮೇಲು. ಅಲ್ಲಿ ಹಾಕಿದ ವಿಡಿಯೊ ಎರಡು ವರ್ಷದ ನಂತರವೂ ಹುಡುಕುವವರ ಕಣ್ಣಿಗೆ ಬೀಳುತ್ತದೆ, ರೀಲ್ಸಿನ ಆಯಸ್ಸು ಬಹುತೇಕ ಕೆಲವೇ ದಿನ.

ಇದಕ್ಕೆ ತೆರಬೇಕಾದ ಬೆಲೆ ಹಣವಲ್ಲ, ಸಮಯ. ಒಂದು ಮೂವತ್ತು ಸೆಕೆಂಡಿನ ರೀಲ್ ಎಂದರೆ ಸೀರೆಗೆ ಇಸ್ತ್ರಿ, ಕಿಟಕಿಯ ಬೆಳಕಿಗೆ ಕಾಯುವುದು, ಮಿಕ್ಸಿಯ ಸದ್ದು ಬರದಂತೆ ನೋಡಿಕೊಳ್ಳುವುದು, ಧ್ವನಿ ಕೂಡಿಸುವುದು, ಆಮೇಲೆ "ಬೆಲೆ ಎಷ್ಟು" ಎಂಬ ಕಾಮೆಂಟುಗಳಿಗೆ ಒಂದೊಂದಾಗಿ ಉತ್ತರಿಸುವುದು. ಬೆಲೆಯನ್ನು ಪೋಸ್ಟಿನಲ್ಲೇ ಬರೆದುಬಿಡಿ ಎಂಬುದು ನನ್ನ ಸಲಹೆ. "ಬೆಲೆಗೆ ಮೆಸೇಜ್ ಮಾಡಿ" ಎನ್ನುವ ಪದ್ಧತಿಯಿಂದ ಇಬ್ಬರ ಸಮಯವೂ ಹಾಳು.

ಫಾಲೋವರ್ಸ್ ಸಂಖ್ಯೆಯನ್ನು ಬಂಡವಾಳವೆಂದು ನಂಬಿ ಕೂರುವುದು ಅಪಾಯ. 2020ರ ಜೂನ್ ಕೊನೆಯಲ್ಲಿ ಕೇಂದ್ರ ಸರ್ಕಾರ ಟಿಕ್‌ಟಾಕ್ ಸೇರಿದಂತೆ 59 ಆ್ಯಪ್‌ಗಳನ್ನು ನಿಷೇಧಿಸಿದಾಗ ಲಕ್ಷಾಂತರ ಅನುಯಾಯಿಗಳಿದ್ದ ಸಣ್ಣ ಊರಿನ ಹೆಣ್ಣುಮಕ್ಕಳ ಖಾತೆಗಳೂ ಅದರೊಂದಿಗೆ ಕೈಬಿಟ್ಟುಹೋದವು. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡದಲ್ಲಿ ಬರೆಯಲು ಹುಮ್ಮಸ್ಸು ತುಂಬಿದ್ದ ಕೂ ಎಂಬ ಸಾಮಾಜಿಕ ಜಾಲತಾಣ 2024ರ ಜುಲೈನಲ್ಲಿ ಬಾಗಿಲು ಹಾಕುವುದಾಗಿ ಪ್ರಕಟಿಸಿತು. ಅಲ್ಲಿದ್ದವರಿಗೆ ತಮ್ಮ ಓದುಗರ ಒಂದೇ ಒಂದು ನಂಬರೂ ಉಳಿಯಲಿಲ್ಲ. ಇನ್‌ಸ್ಟಾಗ್ರಾಂ ಮುಚ್ಚುತ್ತದೆಂದು ಹೇಳುತ್ತಿಲ್ಲ, ಖಾತೆ ಹ್ಯಾಕ್ ಆಗಲು ಒಂದು ತಪ್ಪು ಲಿಂಕ್ ಸಾಕು ಎಂದಷ್ಟೇ ನನ್ನ ಮಾತು. ಎರಡು ಹಂತದ ದೃಢೀಕರಣವನ್ನು ಇವತ್ತೇ ಹಾಕಿಕೊಂಡು, ಕೊಂಡವರನ್ನೆಲ್ಲ ನಿಮ್ಮ ವಾಟ್ಸ್‌ಆ್ಯಪ್ ಪಟ್ಟಿಗೋ ಇಮೇಲ್ ಪಟ್ಟಿಗೋ ಅವರ ಒಪ್ಪಿಗೆ ಪಡೆದು ಸೇರಿಸಿಕೊಳ್ಳುತ್ತ ಹೋಗಬೇಕು.

ಸಾಮಾಜಿಕ ಜಾಲತಾಣದಲ್ಲೇ ವೃತ್ತಿ ಕಟ್ಟಿಕೊಳ್ಳುವವರಿಗೆ, ಅಂದರೆ ಬ್ರ್ಯಾಂಡ್‌ಗಳ ಪ್ರಚಾರ ಮಾಡಿ ಸಂಪಾದಿಸುವವರಿಗೆ, ಇನ್ನೊಂದು ಮಾತು. ಹಣ ಅಥವಾ ಉಡುಗೊರೆ ಪಡೆದು ಮಾಡಿದ ಪ್ರಚಾರವನ್ನು ಸ್ಪಷ್ಟವಾಗಿ ಜಾಹೀರಾತು ಎಂದು ತಿಳಿಸಬೇಕೆಂದು ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಮಾರ್ಗಸೂಚಿ ಹೊರಡಿಸಿದೆ. ಇಲ್ಲಿ ಉಪಯೋಗಕ್ಕೆ ಬರುವ ಸ್ನೇಹವೆಂದರೆ ಅದೇ ಕ್ಷೇತ್ರದ ಇನ್ನಿಬ್ಬರು ಮೂವರದು, ಏಕೆಂದರೆ ಒಂದು ರೀಲ್‌ಗೆ ಎಷ್ಟು ಕೇಳಬೇಕು ಎಂಬ ದರವನ್ನು ಬೇರೆ ಯಾರೂ ಹೇಳುವುದಿಲ್ಲ. ನಾನು ಮೊದಲು ಹೇಳಿದ ಒಳಬಳಗದ ಬೆಲೆ ಅತಿ ಹೆಚ್ಚು ಗೊತ್ತಾಗುವುದು ಈ ವೃತ್ತಿಯಲ್ಲಿ.

ಲಿಂಕ್ಡ್‌ಇನ್

ನಿಮ್ಮ ಗಿರಾಕಿ ಒಂದು ಮನೆಯಾಗಿದ್ದರೆ ಲಿಂಕ್ಡ್‌ಇನ್ ಬೇಡ, ಒಂದು ಕಂಪನಿಯಾಗಿದ್ದರೆ ಬೇಕೇ ಬೇಕು. ವೆಬ್‌ಸೈಟ್ ಮಾಡುವವರು, ಸಾಮಾಜಿಕ ಜಾಲತಾಣದ ಖಾತೆ ನಿರ್ವಹಿಸುವವರು, ಲೆಕ್ಕಪತ್ರ ನೋಡಿಕೊಳ್ಳುವವರು, ಅನುವಾದಕರು, ಕಂಪನಿಗಳಿಗೆ ಹಬ್ಬದ ಉಡುಗೊರೆ ಪೆಟ್ಟಿಗೆ ಒದಗಿಸುವವರು ಇಲ್ಲಿರಬೇಕು. ಉಡುಗೊರೆ ಪೆಟ್ಟಿಗೆಯ ಆರ್ಡರ್ ಕೊಡುವುದು ಮಾನವ ಸಂಪನ್ಮೂಲ ವಿಭಾಗದವರು, ಅವರು ದೀಪಾವಳಿಗೆ ಬಹಳ ಮುಂಚೆಯೇ ನಿರ್ಧರಿಸಿರುತ್ತಾರೆ; ಅಕ್ಟೋಬರಿನಲ್ಲಿ ಹುಡುಕಲು ಹೊರಟರೆ ತಡವಾಗಿರುತ್ತದೆ.

ಕೆಲಸಕ್ಕೆ ಮರಳುವವರಿಗೂ ಇದೇ ಮೊದಲ ಆಯ್ಕೆ. 2022ರಿಂದ ಪ್ರೊಫೈಲಿನಲ್ಲಿ ವೃತ್ತಿ ವಿರಾಮವನ್ನು ಕಾರಣಸಹಿತ ನಮೂದಿಸುವ ಅವಕಾಶವಿದೆ, ಖಾಲಿ ವರ್ಷಗಳನ್ನು ಮುಚ್ಚಿಡುವ ಅಗತ್ಯವಿಲ್ಲ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ನೌಕರರೇ ಹೆಸರು ಸೂಚಿಸುವ ರೆಫರಲ್ ಪದ್ಧತಿ ಗಟ್ಟಿಯಾಗಿದೆ, ಸೂಚಿಸಿದವರು ನೇಮಕವಾದರೆ ನೌಕರರಿಗೆ ಬಹುಮಾನವನ್ನೂ ಅನೇಕ ಕಂಪನಿಗಳು ಕೊಡುತ್ತವೆ. ಹಾಗಾಗಿ ಹಳೆಯ ಸಹೋದ್ಯೋಗಿಯನ್ನು ಕೇಳುವುದಕ್ಕೆ ಸಂಕೋಚಪಡಬೇಕಿಲ್ಲ. "ಏನಾದರೂ ಕೆಲಸ ಇದ್ದರೆ ಹೇಳಿ" ಎಂದು ಬರೆದರೆ ಮಾತ್ರ ಯಾರಿಗೂ ಏನೂ ಮಾಡಲಾಗದು. ನಿರ್ದಿಷ್ಟ ಹುದ್ದೆಯ ಲಿಂಕು, ಅದಕ್ಕೆ ಹೊಂದುವಂತೆ ತಿದ್ದಿದ ಬಯೊಡೇಟಾ, ತಾವು ಏಕೆ ತಕ್ಕವರು ಎಂಬ ಮೂರು ಸಾಲು, ಇಷ್ಟನ್ನು ಒಟ್ಟಿಗೆ ಕಳಿಸಿದರೆ ಅವರ ಕೆಲಸ ಐದು ನಿಮಿಷದ್ದಾಗುತ್ತದೆ.

ಕೊರತೆ ಎರಡು. ಒಂದು, ಇಂಗ್ಲಿಷಿನ ಭಾರ. ಆದರೆ ಸರಳ, ತಪ್ಪಿಲ್ಲದ ನಾಲ್ಕು ಸಾಲು ಸಾಕು. ಅಲ್ಲಿನ ಉಬ್ಬಿಸಿದ ಬರವಣಿಗೆಯನ್ನು ಅನುಕರಿಸದಿರುವುದೇ ಲೇಸು. ಇನ್ನೊಂದು, ಪರಿಚಯದ ನೆಪದಲ್ಲಿ ಬರುವ ಅಸಂಬದ್ಧ ಸಂದೇಶಗಳು. ಹಣ ಕೊಟ್ಟು ಪಡೆಯುವ ಪ್ರೀಮಿಯಂ ಸೌಲಭ್ಯ ಆರಂಭದಲ್ಲಿ ಬೇಡ, ಗಂಭೀರವಾಗಿ ಕೆಲಸ ಹುಡುಕುವ ಒಂದೆರಡು ತಿಂಗಳಿಗೆ ಮಾತ್ರ ಅದನ್ನು ಪರಿಗಣಿಸಬಹುದು.

ಸಂಘಗಳು ಮತ್ತು ವಾಣಿಜ್ಯ ಮಂಡಳಿಗಳು

1983ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಅವೇಕ್, ಅಂದರೆ ಕರ್ನಾಟಕ ಮಹಿಳಾ ಉದ್ಯಮಿಗಳ ಸಂಘ, ಈ ರಾಜ್ಯದ ಹಿರಿಯ ಸಂಸ್ಥೆ. ಹೊಸದಾಗಿ ಉದ್ಯಮ ಮಾಡುವವರಿಗೆ ತರಬೇತಿ, ಅನುಭವಿಗಳ ಸಲಹೆ, ಮಾರಾಟ ಮೇಳ ಇವು ಅದರ ಬಲ. ರಾಜ್ಯದ ನಿವೃತ್ತ ಮುಖ್ಯ ಕಾರ್ಯದರ್ಶಿ ಕೆ. ರತ್ನಪ್ರಭಾ ಅವರು ಕಟ್ಟಿದ ಉಬುಂಟು ಬಿಡಿ ವ್ಯಕ್ತಿಗಳಿಗಿಂತ ಮಹಿಳಾ ಉದ್ಯಮಿಗಳ ಸಂಘಗಳನ್ನು ಒಗ್ಗೂಡಿಸುವ ಒಕ್ಕೂಟ, ಸರ್ಕಾರದ ಮುಂದೆ ನೀತಿಯ ಮಾತಾಡುವುದು ಅದರ ಶಕ್ತಿ. ಇವೆರಡೂ ಮಹಿಳೆಯರವು. ಆದರೆ ಎಲ್ಲರಿಗೂ ತೆರೆದಿರುವ ಎಫ್‌ಕೆಸಿಸಿಐ ಮತ್ತು ಕಾಸಿಯಾಗಳನ್ನು ಹೆಂಗಸರು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ನನಗೆ ಸರಿಕಾಣುವುದಿಲ್ಲ. 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಮುತುವರ್ಜಿಯಿಂದ ಹುಟ್ಟಿದ ವಾಣಿಜ್ಯ ಮಂಡಳಿಯ ಇಂದಿನ ರೂಪ ಎಫ್‌ಕೆಸಿಸಿಐ. ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ 1949ರದು. ತೆರಿಗೆ, ವಿದ್ಯುತ್, ರಫ್ತು, ಬ್ಯಾಂಕು ಹೀಗೆ ಒಂದೊಂದಕ್ಕೂ ಇಂಥ ಕಡೆ ಬಲ್ಲವರು ಸಿಗುತ್ತಾರೆ. ಮುಖ್ಯವಾಗಿ, ನಿಮ್ಮಿಂದ ಸಗಟಾಗಿ ಕೊಳ್ಳಬಲ್ಲವರು ಕೂರುವುದು ಅಲ್ಲಿ. ಸಭೆಯಲ್ಲಿ ಹೆಂಗಸರು ಕೆಲವರೇ ಇರುತ್ತಾರೆ, ಮೊದಲೆರಡು ಸಲ ಮುಜುಗರವಾಗುತ್ತದೆ ಎಂಬುದು ನಿಜ.

ಸರ್ಕಾರಿ ಖರೀದಿಯ ಬಾಗಿಲು ತಟ್ಟಬೇಕೆಂದಿದ್ದರೆ ಸಂಘದ ಬೆಲೆ ಇನ್ನಷ್ಟು ಹೆಚ್ಚು. ಕೇಂದ್ರದ ಇಲಾಖೆ ಮತ್ತು ಉದ್ಯಮಗಳು ವಾರ್ಷಿಕ ಖರೀದಿಯಲ್ಲಿ ನೂರಕ್ಕೆ 25 ಭಾಗವನ್ನು ಕಿರು ಮತ್ತು ಸಣ್ಣ ಉದ್ಯಮಗಳಿಂದ, ಅದರೊಳಗೆ ಒಟ್ಟು ಖರೀದಿಯ 3 ಭಾಗವನ್ನು ಮಹಿಳೆಯರ ಒಡೆತನದ ಉದ್ಯಮಗಳಿಂದ ಪಡೆಯಬೇಕೆಂಬ ನಿಯಮವಿದೆ. ಅದಕ್ಕೆ ಬೇಕಾದ ಉದ್ಯಮ್ ನೋಂದಣಿ ಪೂರ್ಣ ಉಚಿತ. ಅದಕ್ಕೂ ಹಣ ಕೇಳುವವರು ಸಂಘದವರಾದರೂ ಏಜೆಂಟರಾದರೂ ದೂರವಿಡಿ.

ವಾರವಾರ ಸೇರಿ ಒಬ್ಬರಿಗೊಬ್ಬರು ಗಿರಾಕಿ ಒದಗಿಸುವ ಬಿಎನ್‌ಐ ಮಾದರಿಯ ಕೂಟಗಳದು ಬೇರೆ ಲೆಕ್ಕ. ಒಂದು ಶಾಖೆಯಲ್ಲಿ ಒಂದು ವೃತ್ತಿಗೆ ಒಬ್ಬರೇ ಎಂಬುದು ಅದರ ಗುಟ್ಟು. ನೀವೊಬ್ಬರೇ ಒಳಾಂಗಣ ವಿನ್ಯಾಸಗಾರ್ತಿಯಾಗಿ, ಪಕ್ಕದಲ್ಲಿ ಬಿಲ್ಡರ್, ವಾಸ್ತುಶಿಲ್ಪಿ, ಟೈಲ್ಸ್ ಅಂಗಡಿಯವರು ಕುಳಿತಿದ್ದರೆ ಕೆಲಸ ತಾನಾಗಿ ಬರುತ್ತದೆ. ಒಂದು ಆರ್ಡರಿನ ಬೆಲೆ ಐನೂರು ರೂಪಾಯಿಯಾಗಿರುವ ಚಟ್ನಿಪುಡಿಗೆ ಇಂಥ ಕೂಟದ ಶುಲ್ಕ ಹೊಂದುವುದಿಲ್ಲ. ಹಾಜರಿಯ ನಿಯಮವೂ ಬಿಗಿ, ಸಭೆಗಳು ಹೆಚ್ಚಾಗಿ ಬೆಳಗಿನ ಏಳರ ಸುಮಾರಿಗೆ. ಆ ಹೊತ್ತಿನಲ್ಲಿ ಮನೆಯಲ್ಲಿ ತಿಂಡಿ ಒಲೆಯ ಮೇಲಿರುತ್ತದೆ, ಮಕ್ಕಳ ಡಬ್ಬಿ ತುಂಬಬೇಕಿರುತ್ತದೆ, ಶಾಲೆಯ ವ್ಯಾನು ಗೇಟಿನ ಮುಂದೆ ಹಾರ್ನ್ ಹೊಡೆಯುತ್ತಿರುತ್ತದೆ. ಮನೆಯಲ್ಲಿ ಆ ಹೊತ್ತನ್ನು ವಹಿಸಿಕೊಳ್ಳುವವರು ಇದ್ದರೆ ಮಾತ್ರ ಇದಕ್ಕೆ ಕೈಹಾಕಬೇಕು, ಇಲ್ಲವಾದರೆ ಸಂಜೆ ಅಥವಾ ಆನ್‌ಲೈನ್ ಸಭೆ ನಡೆಸುವ ಶಾಖೆಯನ್ನು ಹುಡುಕಬೇಕು.

ಸಂಘದ ಹೆಸರಿನಲ್ಲಿ ನಡೆಯುವ ಎರಡು ಬಗೆಯ ವ್ಯಾಪಾರದ ಬಗ್ಗೆ ಎಚ್ಚರ ಹೇಳದಿದ್ದರೆ ಈ ಹೋಲಿಕೆ ಅರೆಬರೆಯಾಗುತ್ತದೆ. "ವರ್ಷದ ಮಹಿಳಾ ಉದ್ಯಮಿ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ" ಎಂಬ ಕರೆ ಬಂದು, ಮುಂದಿನ ಮಾತಿನಲ್ಲೇ ನೋಂದಣಿ ಶುಲ್ಕದ ವಿಷಯ ಬಂದರೆ ಅದು ಪ್ರಶಸ್ತಿಯಲ್ಲ. ಹಾರ, ಶಾಲು, ಪೇಟ, ಫೋಟೊಗಳ ಪ್ಯಾಕೇಜು. ಇನ್ನೊಂದು, "ಮಹಿಳಾ ಸಬಲೀಕರಣ"ದ ಸಭೆಯೆಂದು ಕರೆದು, ಚಹಾ ಮುಗಿಯುವಷ್ಟರಲ್ಲಿ ಪೌಷ್ಟಿಕ ಪುಡಿಯ ಡಬ್ಬಿ ಕೊಂಡು ನಿಮ್ಮ ಕೆಳಗೆ ನಾಲ್ವರನ್ನು ಸೇರಿಸಿ ಎನ್ನುವ ಸರಪಳಿ ಮಾರಾಟ. ಅಲ್ಲಿ ನೀವು ಉದ್ಯಮಿಯಲ್ಲ, ಗಿರಾಕಿ.

ಇನ್‌ಕ್ಯುಬೇಟರ್‌ಗಳು ಮತ್ತು ಸರ್ಕಾರದ ಸ್ಟಾರ್ಟಪ್ ಯೋಜನೆಗಳು

ಬೆಂಗಳೂರಿನ ಐಐಎಂ ಆವರಣದ ಎನ್‌ಎಸ್‌ಆರ್‌ಸಿಇಎಲ್ ಮಹಿಳೆಯರಿಗೆಂದೇ ಪ್ರತ್ಯೇಕ ಸ್ಟಾರ್ಟಪ್ ಕಾರ್ಯಕ್ರಮ ನಡೆಸಿಕೊಂಡು ಬಂದಿದೆ. ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟಪ್ಸ್ ಉತ್ತರ ಕರ್ನಾಟಕದವರಿಗೆ ಬೆಂಗಳೂರಿನ ದಾರಿ ಹಿಡಿಯದೆಯೇ ಸಿಗುವ ನೆಲೆ. ಮೈಸೂರಿನಲ್ಲಿ ಎಸ್‌ಜೆಸಿಇ-ಸ್ಟೆಪ್ ಇದೆ. ರಾಜ್ಯ ಸರ್ಕಾರದ ಎಲಿವೇಟ್ ಯೋಜನೆ 2017ರಿಂದ ಆಯ್ಕೆಯಾದ ಸ್ಟಾರ್ಟಪ್‌ಗಳಿಗೆ 50 ಲಕ್ಷ ರೂಪಾಯಿವರೆಗೆ ಅನುದಾನ ಕೊಡುತ್ತದೆ, ಬದಲಿಗೆ ಕಂಪನಿಯ ಪಾಲು ಕೇಳುವುದಿಲ್ಲ. ಹೂಡಿಕೆದಾರರ ಹಣಕ್ಕೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಅದೇ.

ಇವು ಪರಿಚಯಕ್ಕಿಂತ ಶಿಸ್ತನ್ನು ಹೆಚ್ಚು ಕೊಡುತ್ತವೆ. ನಿಮ್ಮ ಲೆಕ್ಕವನ್ನು ಕೆದಕಿ ಪ್ರಶ್ನಿಸುವವರು ಸಿಗುತ್ತಾರೆ, ಜೊತೆಯ ತಂಡದ ಹತ್ತಾರು ಸ್ಥಾಪಕರು ಮುಂದಿನ ವರ್ಷಗಳವರೆಗೆ ಕೈಗೆ ಸಿಗುತ್ತಾರೆ. ಆದರೆ ಹೊಸತನ ಮತ್ತು ಹಿಗ್ಗಬಲ್ಲ ಸಾಮರ್ಥ್ಯ ಇಲ್ಲದ ವ್ಯಾಪಾರಕ್ಕೆ ಇಲ್ಲಿ ಜಾಗವಿಲ್ಲ. ಒಳ್ಳೆಯ ಬೇಕರಿ ಒಳ್ಳೆಯ ಉದ್ಯಮವೇ, ಆದರೂ ಸ್ಟಾರ್ಟಪ್ ಎಂದು ಅದನ್ನು ಪೋಷಾಕು ತೊಡಿಸಿ ಅರ್ಜಿ ಹಾಕುವುದು ವ್ಯರ್ಥ ಶ್ರಮ. ಅರ್ಜಿಯಿಂದ ಹಣ ಕೈಸೇರುವವರೆಗೆ ತಿಂಗಳುಗಳು ಹಿಡಿಯುತ್ತವೆ, ಹಣ ಕಂತಿನಲ್ಲಿ ಬರುತ್ತದೆ, ಪ್ರತಿ ಕಂತಿಗೂ ಕಾಗದಪತ್ರ ಒಪ್ಪಿಸಬೇಕು. ಮುಂದಿನ ತಿಂಗಳ ಬಾಡಿಗೆಗೆ ಈ ಹಣವನ್ನು ನೆಚ್ಚಿಕೊಳ್ಳುವಂತಿಲ್ಲ.

ತಂತ್ರಜ್ಞಾನದ ಮಹಿಳಾ ಸಮುದಾಯಗಳು

ಅನಿತಾಬಿ ಸಂಸ್ಥೆಯ ಗ್ರೇಸ್ ಹಾಪರ್ ಸಮಾವೇಶ ಭಾರತದಲ್ಲಿ 2010ರಲ್ಲಿ ಬೆಂಗಳೂರಿನಿಂದ ಆರಂಭವಾಯಿತು. ಎಂಜಿನಿಯರಿಂಗ್ ಓದುವವರಿಗೂ ಕೆಲಸ ಬದಲಿಸುವವರಿಗೂ ನೇಮಕ ಮಾಡುವವರನ್ನು ಒಂದೇ ಸೂರಿನಡಿ ಕಾಣಲು ಇದು ಒಳ್ಳೆಯ ಜಾಗ. ಟಿಕೆಟ್ ದುಬಾರಿ, ಹೀಗಾಗಿ ಮೊದಲು ನಿಮ್ಮ ಕಂಪನಿಯನ್ನೋ ಕಾಲೇಜನ್ನೋ ಕೇಳಿ, ವಿದ್ಯಾರ್ಥಿವೇತನವಿದೆಯೇ ನೋಡಿ, ಕೊನೆಗೆ ಸ್ವಂತ ಹಣದ ಯೋಚನೆ ಮಾಡಬೇಕು. ವರ್ಷಕ್ಕೊಮ್ಮೆಯ ದೊಡ್ಡ ಸಮಾವೇಶಕ್ಕಿಂತ ತಿಂಗಳ ಶನಿವಾರಗಳಲ್ಲಿ ನಡೆಯುವ ಉಚಿತ ಸಣ್ಣ ಮೀಟಪ್‌ಗಳು ಹೆಚ್ಚು ಫಲಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಎದುರಾಗುತ್ತವೆ. ಅಲ್ಲಿ ಕೇಳುಗರಾಗಿ ಕೂರುವುದಕ್ಕಿಂತ ಹತ್ತು ನಿಮಿಷದ ಒಂದು ಪುಟ್ಟ ಭಾಷಣ ಕೊಟ್ಟರೆ, ನೀವಾಗಿ ಯಾರ ಬಳಿಯೂ ಹೋಗಬೇಕಿಲ್ಲ. ಚಹಾದ ಹೊತ್ತಿಗೆ ಅವರೇ ಬಂದು ಮಾತಾಡಿಸುತ್ತಾರೆ.

ಇಲ್ಲೂ ಒಂದರ ಮೇಲೆ ಪೂರ್ತಿ ಭಾರ ಹಾಕಬಾರದು. ಜಗತ್ತಿನಾದ್ಯಂತ ಶಾಖೆಗಳಿದ್ದ ವಿಮೆನ್ ಹೂ ಕೋಡ್ 2024ರ ಏಪ್ರಿಲ್‌ನಲ್ಲಿ ಹಣದ ಕೊರತೆಯ ಕಾರಣ ಕೊಟ್ಟು ಮುಚ್ಚಿತು. ಅಲ್ಲಿ ಪರಿಚಯವಾದವರ ನಂಬರು ಇಟ್ಟುಕೊಂಡವರಿಗೆ ಮಾತ್ರ ಆ ವರ್ಷಗಳ ಒಡನಾಟ ಉಳಿಯಿತು.

ಸ್ವಸಹಾಯ ಸಂಘ

ನಗರದ ನೆಟ್‌ವರ್ಕಿಂಗ್ ಚರ್ಚೆಗಳಲ್ಲಿ ಇದರ ಹೆಸರೇ ಬರುವುದಿಲ್ಲ. ಆದರೆ 2000-01ರಲ್ಲಿ ಆರಂಭವಾದ ಸ್ತ್ರೀಶಕ್ತಿ ಗುಂಪುಗಳು, ಅದಾದ ಮೇಲೆ ಬಂದ ಸಂಜೀವಿನಿ ಒಕ್ಕೂಟಗಳು ಹಳ್ಳಿಯ ಹೆಣ್ಣುಮಕ್ಕಳಿಗೆ ಬ್ಯಾಂಕಿನ ಬಾಗಿಲು ತೆರೆದಷ್ಟು ಬೇರೆ ಯಾವ ಬಳಗವೂ ತೆರೆದಿಲ್ಲ. ಸಾಲಕ್ಕೆ ಒಬ್ಬರಿಗೊಬ್ಬರು ನಿಲ್ಲುವುದರಿಂದ ಅಡಮಾನ ಕೇಳುವುದಿಲ್ಲ; ಸರಸ್ ಮೇಳದಂಥ ಕಡೆ ಮಳಿಗೆ ಸಿಗುತ್ತದೆ. ಉದ್ಯೋಗಿನಿಯಂಥ ಯೋಜನೆಯಲ್ಲಿ ಸಾಲದ ಜೊತೆ ಸಹಾಯಧನವೂ ಇರುವುದರಿಂದ ಅಂಗನವಾಡಿ ಕಾರ್ಯಕರ್ತೆ ಅಥವಾ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯ ಪರಿಚಯ ಇಲ್ಲಿ ಲಿಂಕ್ಡ್‌ಇನ್‌ನ ಸಾವಿರ ಪರಿಚಯಕ್ಕಿಂತ ಹೆಚ್ಚು. ಕಷ್ಟವಿರುವುದು ಮಾರುಕಟ್ಟೆಯಲ್ಲಿ: ಊರಿನ ಎಲ್ಲ ಸಂಘಗಳೂ ಅದೇ ಹಪ್ಪಳ, ಅದೇ ರೊಟ್ಟಿ ಮಾಡಿದರೆ ಕೊಳ್ಳುವವರು ಹೊರಗಿನಿಂದ ಬರಬೇಕು. ಸಂಘದ ಸದಸ್ಯೆಯೊಬ್ಬರ ಮಗಳೋ ಸೊಸೆಯೋ ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಬಿಸಿನೆಸ್ ನೋಡಿಕೊಂಡು, ಅದಕ್ಕೆ ಸಂಘವೇ ಸಂಭಾವನೆ ಕೊಡುವ ಏರ್ಪಾಡು ಇದ್ದರೆ ಆ ಕೊರತೆ ಬಹುಮಟ್ಟಿಗೆ ನೀಗುತ್ತದೆ. ಪುಕ್ಕಟೆ ಮಾಡಿಸಿದರೆ ಆಕೆಯ ಮದುವೆಯೊಂದಿಗೆ ಖಾತೆಯೂ ನಿಂತುಹೋಗುತ್ತದೆ.

ಯಾರಿಗೆ ಯಾವುದು

ಖರ್ಚು ಮಾಡಲು ಹಣವೇ ಇಲ್ಲದೆ ಮನೆಯಿಂದ ತಿನಿಸು ಅಥವಾ ಬಟ್ಟೆ ಮಾರುವವರು ಬಡಾವಣೆಯ ಗುಂಪು ಮತ್ತು ಸ್ವಂತ ವಾಟ್ಸ್‌ಆ್ಯಪ್ ಪಟ್ಟಿಯಿಂದ ಶುರುಮಾಡಿ, ಮರುಖರೀದಿ ಬರತೊಡಗಿದ ಮೇಲೆ ಇನ್‌ಸ್ಟಾಗ್ರಾಂಗೆ ಹೋಗುವುದು ಲೇಸು. ತಿನಿಸಿನವರು ಆಹಾರ ಸುರಕ್ಷತಾ ನೋಂದಣಿಯನ್ನು ಮೊದಲೇ ಮಾಡಿಸಿಕೊಳ್ಳಬೇಕು, ಸಣ್ಣವರಿಗೆ ಅದರ ಖರ್ಚು ಅಲ್ಪ. ಹಳ್ಳಿಯಲ್ಲಿದ್ದು ಸಾಲ ಬೇಕಿದ್ದರೆ ಸ್ವಸಹಾಯ ಸಂಘವನ್ನು ಬಿಟ್ಟು ಬೇರೆ ಕಡೆ ಅಲೆಯುವ ಅಗತ್ಯವಿಲ್ಲ.

ವರ್ಷಕ್ಕೆ ಹತ್ತು ಹದಿನೈದು ಸಾವಿರ ರೂಪಾಯಿ ತೆಗೆದಿಡಬಲ್ಲ, ಒಂದು ಘಟಕ ಅಥವಾ ಕಚೇರಿ ನಡೆಸುತ್ತಿರುವವರಿಗೆ ಒಂದು ಮಹಿಳಾ ಸಂಘ, ಇಲ್ಲವೇ ಒಂದು ಸಾಮಾನ್ಯ ವಾಣಿಜ್ಯ ಮಂಡಳಿ. ಎರಡರಲ್ಲಿ ಒಂದೇ ಸಾಧ್ಯವೆಂದಾದರೆ, ಹೊಸಬರು ಮೊದಲನೆಯದನ್ನು, ಐದಾರು ವರ್ಷ ಕಳೆದವರು ಎರಡನೆಯದನ್ನು ಆರಿಸಿಕೊಳ್ಳಲಿ ಎನ್ನುತ್ತೇನೆ. ಒಂದು ಆರ್ಡರಿನಿಂದಲೇ ಐವತ್ತು ಸಾವಿರಕ್ಕೂ ಮೇಲ್ಪಟ್ಟ ಆದಾಯ ಬರುವ ವೃತ್ತಿಯಾದರೆ, ಬೆಳಗಿನ ಹೊತ್ತು ಬಿಡುವಿದ್ದರೆ, ವಾರವಾರದ ರೆಫರಲ್ ಕೂಟದ ಶುಲ್ಕ ಗಿಟ್ಟಬಹುದು.

ಸಾಮಾಜಿಕ ಜಾಲತಾಣದ ನಿರ್ವಹಣೆಯನ್ನೇ ಸೇವೆಯಾಗಿ ಮಾರುವವರಲ್ಲಿ ಒಂದು ವಿಚಿತ್ರ ಕಂಡಿದ್ದೇನೆ: ತಮ್ಮಂಥವರೇ ತುಂಬಿರುವ ಗುಂಪುಗಳಲ್ಲಿ ಸದಾ ಚುರುಕಾಗಿರುತ್ತಾರೆ, ಗಿರಾಕಿಗಳು ಮಾತ್ರ ಸಿಗುವುದಿಲ್ಲ. ಅವರಿಗೆ ಬೇಕಾದ ಗಿರಾಕಿಗಳು ದಂತವೈದ್ಯರು, ಆಭರಣದ ಅಂಗಡಿಯವರು, ಕೋಚಿಂಗ್ ಕೇಂದ್ರದವರು. ಅವರು ಸಿಗುವುದು ವರ್ತಕರ ಸಂಘದಲ್ಲಿ, ರೋಟರಿಯಲ್ಲಿ, ಜಿಲ್ಲಾ ವಾಣಿಜ್ಯ ಮಂಡಳಿಯಲ್ಲಿ.

ಯಾವ ಸಂಘಕ್ಕಾದರೂ ಹಣ ಕಟ್ಟುವ ಮುನ್ನ ಅತಿಥಿಯಾಗಿ ಒಂದು ಸಭೆಗೆ ಹೋಗಿ ಕುಳಿತುಕೊಳ್ಳಿ. ಮೂವರು ಹಳೆಯ ಸದಸ್ಯರನ್ನು ಪ್ರತ್ಯೇಕವಾಗಿ ಮಾತಾಡಿಸಿ, "ಇಲ್ಲಿಂದ ನಿಮಗೆ ಕಳೆದ ವರ್ಷ ಬಂದ ಕೆಲಸ ಯಾವುದು" ಎಂದು ನೇರವಾಗಿ ಕೇಳಿ. ಹೆಸರು ಹಿಡಿದು ಉತ್ತರಿಸಿದರೆ ಸೇರಬಹುದು. "ತುಂಬಾ ಪಾಸಿಟಿವ್ ಎನರ್ಜಿ ಇದೆ" ಎಂದಷ್ಟೇ ಹೇಳಿದರೆ ಆ ಹಣವನ್ನು ಸರಕಿನ ಮೇಲೆ ಹಾಕಿ. ಸೇರಿದ ಮೇಲೆ ಸಣ್ಣದೊಂದು ಜವಾಬ್ದಾರಿ, ಉದಾಹರಣೆಗೆ ಮೇಳದ ಮಳಿಗೆ ಹಂಚಿಕೆಯನ್ನೋ ಸದಸ್ಯರ ಪಟ್ಟಿಯನ್ನೋ ವಹಿಸಿಕೊಂಡರೆ ಎಲ್ಲರೂ ನಿಮಗೆ ಫೋನು ಮಾಡಲೇಬೇಕಾಗುತ್ತದೆ. ಸದಸ್ಯತ್ವ ನವೀಕರಣಕ್ಕೆ ಒಂದು ತಿಂಗಳ ಮುಂಚೆ ಆ ಬಳಗದಿಂದ ಬಂದ ಆರ್ಡರ್, ಸಾಲ, ಕೆಲಸ ಅಥವಾ ಉಪಯುಕ್ತ ಸಲಹೆಗಳನ್ನು ಒಂದು ಹಾಳೆಯಲ್ಲಿ ಬರೆದು ನೋಡಿ. ಹಾಳೆ ಖಾಲಿಯಿದ್ದರೆ ಮುಲಾಜು ನೋಡದೆ ನವೀಕರಣ ಬಿಟ್ಟುಬಿಡಿ. ಅಲ್ಲಿ ಸಿಕ್ಕ ಇಬ್ಬರು ಗೆಳತಿಯರು ಶುಲ್ಕವಿಲ್ಲದೆಯೂ ಫೋನಿಗೆ ಸಿಗುತ್ತಾರೆ.